ಒಬ್ಬ ಸ್ಟ್ರೈಕರ್, ಒಂದು ಒಪ್ಪಂದ: ಭಾರತೀಯ ಫುಟ್‌ಬಾಲ್ ಹಿಂದೆ ಬಿದ್ದಿದ್ದು ಹೇಗೆ?

2025ರ ನವೆಂಬರ್ ತಿಂಗಳು ಭಾರತೀಯ ಫುಟ್‌ಬಾಲ್ ಪಾಲಿಗೆ ಎರಡು ಕೆಟ್ಟ ಸುದ್ದಿ ತಂದಿತು. ನವೆಂಬರ್ 7ಕ್ಕೆ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ವಾಣಿಜ್ಯ ಹಕ್ಕುಗಳಿಗೆ ಕರೆದಿದ್ದ ಟೆಂಡರ್‌ನ ಗಡುವು ಮುಗಿಯಿತು. ಒಂದೇ ಒಂದು ಬಿಡ್ ಕೂಡ ಬಂದಿರಲಿಲ್ಲ. ಹನ್ನೊಂದು ದಿನಗಳ ನಂತರ ಢಾಕಾದಲ್ಲಿ ನಡೆದ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಬಾಂಗ್ಲಾದೇಶ 1–0 ಗೋಲಿನಿಂದ ಭಾರತವನ್ನು ಮಣಿಸಿತು. 2003ರ ನಂತರ ಭಾರತದ ಎದುರು ಬಾಂಗ್ಲಾದೇಶ ಗೆದ್ದಿದ್ದು ಅದೇ ಮೊದಲು. ಅದೇ ತಿಂಗಳ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 142ನೇ ಸ್ಥಾನಕ್ಕೆ ಜಾರಿತು.

ಇದೇ ತಂಡ 2023ರ ಜುಲೈನಲ್ಲಿ 99ನೇ ಸ್ಥಾನದಲ್ಲಿತ್ತು. ಇದೇ ಲೀಗ್ ಹತ್ತು ವರ್ಷದ ಹಿಂದೆ ವಿಶ್ವಕಪ್ ಗೆದ್ದ ಆಟಗಾರರನ್ನು ಭಾರತದ ಮೈದಾನಗಳಿಗೆ ಕರೆತಂದಿತ್ತು. ಅಷ್ಟು ಬೇಗ ಇಷ್ಟು ಕೆಳಕ್ಕೆ ಬಿದ್ದಿದ್ದೇಕೆ ಎಂಬ ಪ್ರಶ್ನೆ ಪ್ರತಿ ಸೋಲಿನ ನಂತರವೂ ಕೇಳಿಬರುತ್ತದೆ. ಸಾಮಾನ್ಯವಾಗಿ ಅದಕ್ಕೆ ಸಿಗುವ ಉತ್ತರ ಕೋಚ್ ಬದಲಾವಣೆ.

ಆದರೆ ಕಳೆದ ಹದಿನೈದು ವರ್ಷಗಳ ಘಟನೆಗಳನ್ನು ಒಟ್ಟಿಗೆ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ರಾಷ್ಟ್ರೀಯ ತಂಡ ಗೋಲುಗಳಿಗಾಗಿ ಒಬ್ಬ ಆಟಗಾರನನ್ನೇ ನಂಬಿಕೊಂಡಿತ್ತು. ಲೀಗ್ ಹಣಕ್ಕಾಗಿ ಒಂದು ಒಪ್ಪಂದವನ್ನೇ ನಂಬಿಕೊಂಡಿತ್ತು. ಆಟಗಾರನ ವಯಸ್ಸು ಎಲ್ಲರಿಗೂ ಗೊತ್ತಿತ್ತು. ಒಪ್ಪಂದ ಮುಗಿಯುವ ತಾರೀಖು ಕಾಗದದ ಮೇಲೆಯೇ ಇತ್ತು. ಎರಡಕ್ಕೂ ಸಿದ್ಧತೆ ಮಾತ್ರ ಆಗಿರಲಿಲ್ಲ.

ಒಂದು ಕಾಲದ ಏಷ್ಯಾ ಚಾಂಪಿಯನ್

ಭಾರತಕ್ಕೆ ಫುಟ್‌ಬಾಲ್ ಹೊಸದಲ್ಲ. ಡ್ಯುರಾಂಡ್ ಕಪ್ ಶುರುವಾಗಿದ್ದು 1888ರಲ್ಲಿ. ಮುಂಬೈನ ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ. ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದುಕೊಂಡಿತು. ಈ ಕಪ್ ಗೆದ್ದ ಮೊದಲ ಭಾರತೀಯ ತಂಡ ಎಂಬ ಹೆಗ್ಗಳಿಕೆ ಅದರದು.

ಸ್ವತಂತ್ರ ಭಾರತದ ತಂಡ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತಿತು. ಬಹುತೇಕ ಆಟಗಾರರು ಬರಿಗಾಲಿನಲ್ಲಿ ಆಡಿದ್ದರು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪದಿದ್ದರೆ ಫಲಿತಾಂಶವೇ ಬೇರೆ ಆಗುತ್ತಿತ್ತು. ಭಾರತದ ಏಕೈಕ ಗೋಲು ಹೊಡೆದವರು ಅಂದಿನ ಮೈಸೂರು ತಂಡದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನ ದೊಡ್ಡ ತಾರೆಯಾದರು.

ನಂತರದ ಹದಿನಾಲ್ಕು ವರ್ಷ ಭಾರತೀಯ ಫುಟ್‌ಬಾಲ್‌ನ ಸುವರ್ಣಯುಗ.

- 1951: ದೆಹಲಿ ಏಷ್ಯನ್ ಗೇಮ್ಸ್‌ ಫೈನಲ್‌ನಲ್ಲಿ ಇರಾನ್ ಎದುರು 1–0 ಜಯ, ಚಿನ್ನ.
- 1956: ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಎದುರು 4–2 ಜಯ. ನೆವಿಲ್ ಡಿಸೋಜಾ ಹ್ಯಾಟ್ರಿಕ್. ಭಾರತಕ್ಕೆ ನಾಲ್ಕನೇ ಸ್ಥಾನ.
- 1960: ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಜತೆ 1–1 ಡ್ರಾ. ಭಾರತದ ಕೊನೆಯ ಒಲಿಂಪಿಕ್ಸ್ ಅದೇ.
- 1962: ಜಕಾರ್ತಾ ಏಷ್ಯನ್ ಗೇಮ್ಸ್‌ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 2–1 ಜಯ, ಮತ್ತೆ ಚಿನ್ನ.
- 1964: ಏಷ್ಯನ್ ಕಪ್‌ನಲ್ಲಿ ರನ್ನರ್ ಅಪ್.

ಈ ಯಶಸ್ಸಿನ ಹಿಂದಿದ್ದವರು ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಮ್. ಅಜಯ್ ದೇವಗನ್ ಅಭಿನಯದ 'ಮೈದಾನ್' ಚಿತ್ರ ಅವರದ್ದೇ ಕಥೆ. 1962ರ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಮ್ 1963ರಲ್ಲಿ ತೀರಿಕೊಂಡರು. ಏಷ್ಯನ್ ಗೇಮ್ಸ್ ಚಿನ್ನ ಮತ್ತೆ ಭಾರತಕ್ಕೆ ದಕ್ಕಲಿಲ್ಲ.

ಹಿಂದೆ ಬಿದ್ದದ್ದು ಎಲ್ಲಿ?

ರಹೀಮ್ ಒಬ್ಬರ ನಿಧನವೇ ಕಾರಣ ಎನ್ನುವಂತಿಲ್ಲ. ಜಗತ್ತಿನ ಫುಟ್‌ಬಾಲ್ ವೇಗವಾಗಿ ಬದಲಾಗುತ್ತಿತ್ತು, ಭಾರತ ನಿಧಾನವಾಗಿ ಬದಲಾಗುತ್ತಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1–10ರಿಂದ ಸೋತ ಮೇಲೆಯೇ ಬೂಟು ಕಡ್ಡಾಯವಾಯಿತು. ಬೇರೆ ದೇಶಗಳು 90 ನಿಮಿಷ ಆಡುತ್ತಿದ್ದಾಗ ಭಾರತದ ದೇಶೀಯ ಪಂದ್ಯಗಳು 1970ರ ದಶಕದ ಆರಂಭದವರೆಗೂ 70 ನಿಮಿಷಕ್ಕೇ ಮುಗಿಯುತ್ತಿದ್ದವು. ಊರಲ್ಲಿ 70 ನಿಮಿಷ ಓಡಿ ರೂಢಿಯಾದವರು ಹೊರದೇಶದಲ್ಲಿ ಕೊನೆಯ 20 ನಿಮಿಷ ಏದುಸಿರು ಬಿಡುವುದು ಸಹಜ.

ಇನ್ನೊಂದು ಕಾರಣ ರಾಷ್ಟ್ರೀಯ ಲೀಗ್ ಇಲ್ಲದಿದ್ದುದು. ಕೋಲ್ಕತ್ತ, ಗೋವಾ, ಮುಂಬೈ, ಬೆಂಗಳೂರು ಹೀಗೆ ಒಂದೊಂದು ನಗರಕ್ಕೂ ತನ್ನದೇ ಲೀಗ್ ಇತ್ತು. ದೇಶದ ಬಲಿಷ್ಠ ತಂಡಗಳು ಪರಸ್ಪರ ಎದುರಾಗುತ್ತಿದ್ದದ್ದು ಡ್ಯುರಾಂಡ್, ರೋವರ್ಸ್, ಸಂತೋಷ್ ಟ್ರೋಫಿಯಂಥ ಕೆಲವೇ ವಾರಗಳ ಟೂರ್ನಿಗಳಲ್ಲಿ. ವರ್ಷದುದ್ದಕ್ಕೂ ಸಮಬಲದ ಎದುರಾಳಿಗಳ ಜತೆ ಆಡುವ ವ್ಯವಸ್ಥೆಯೇ ಇರಲಿಲ್ಲ. ಜಪಾನ್ 1993ರಲ್ಲಿ ವೃತ್ತಿಪರ ಜೆ–ಲೀಗ್ ಆರಂಭಿಸಿ ಐದೇ ವರ್ಷದಲ್ಲಿ ವಿಶ್ವಕಪ್ ಆಡಿತು. ಭಾರತದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಶುರುವಾಗಿದ್ದು 1996ರಲ್ಲಿ. ಅದೇ ವರ್ಷದ ಫೆಬ್ರುವರಿಯಲ್ಲಿ ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ 94ನೇ ಸ್ಥಾನದಲ್ಲಿತ್ತು. ಇಂದಿಗೂ ಅದೇ ನಮ್ಮ ಅತ್ಯುತ್ತಮ ರ‍್ಯಾಂಕ್.

ಮೂರು ಹೆಸರು, ಒಂದೇ ಸಮಸ್ಯೆ

ಎನ್‌ಎಫ್‌ಎಲ್ 2007ರಲ್ಲಿ ಐ–ಲೀಗ್ ಆಯಿತು. ಹೆಸರು ಬದಲಾಯಿತು, ಹಣದ ಕೊರತೆ ಬದಲಾಗಲಿಲ್ಲ. ಮುಂಬೈನ ಮಹೀಂದ್ರಾ ಯುನೈಟೆಡ್ 2010ರಲ್ಲಿ, ಮೊದಲ ಎನ್‌ಎಫ್‌ಎಲ್ ಗೆದ್ದಿದ್ದ ಪಂಜಾಬಿನ ಜೆಸಿಟಿ 2011ರಲ್ಲಿ ತಂಡವನ್ನೇ ವಿಸರ್ಜಿಸಿದವು. ಟಿವಿಯಲ್ಲಿ ಪ್ರಸಾರ ಅಪರೂಪ, ಪ್ರಾಯೋಜಕರು ಇನ್ನೂ ಅಪರೂಪ ಎನ್ನುವ ಸ್ಥಿತಿ.

ಆಗ ಬಂದದ್ದೇ ಆ ಒಪ್ಪಂದ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಐಎಂಜಿ–ರಿಲಯನ್ಸ್ ಸಂಸ್ಥೆಯ ಜತೆ 'ಮಾಸ್ಟರ್ ರೈಟ್ಸ್ ಅಗ್ರಿಮೆಂಟ್'ಗೆ ಸಹಿ ಹಾಕಿತು. ಅವಧಿ 15 ವರ್ಷ, ಮೊತ್ತ ₹700 ಕೋಟಿ. ರಾಷ್ಟ್ರೀಯ ತಂಡದ ಪಂದ್ಯಗಳಿಂದ ಹಿಡಿದು ಲೀಗ್‌ವರೆಗೆ ಪ್ರಾಯೋಜಕತ್ವ, ಪ್ರಸಾರ, ಮಾರಾಟದ ಹಕ್ಕುಗಳೆಲ್ಲ ಇದರಲ್ಲಿ ಸೇರಿದ್ದವು. ಬಳಿಕ ಈ ಹಕ್ಕುಗಳನ್ನು ನಿರ್ವಹಿಸಿದ್ದು ರಿಲಯನ್ಸ್ ಬೆಂಬಲದ ಫುಟ್‌ಬಾಲ್ ಸ್ಪೋರ್ಟ್ಸ್ ಡೆವಲಪ್‌ಮೆಂಟ್ ಲಿಮಿಟೆಡ್ (ಎಫ್‌ಎಸ್‌ಡಿಎಲ್). ಇತ್ತೀಚಿನ ವರ್ಷಗಳಲ್ಲಿ ಅದು ಫೆಡರೇಷನ್‌ಗೆ ವರ್ಷಕ್ಕೆ ₹50 ಕೋಟಿ ಕೊಡುತ್ತಿತ್ತು.

2014ರ ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಆರಂಭವಾಯಿತು. ಎಂಟು ತಂಡಗಳು. ಮಾಲೀಕರ ಸಾಲಿನಲ್ಲಿ ಸಚಿನ್ ತೆಂಡೂಲ್ಕರ್, ಸೌರವ್ ಗಂಗೂಲಿ ಮತ್ತು ಬಾಲಿವುಡ್ ತಾರೆಯರು. ಮೈದಾನದಲ್ಲಿ ಡೆಲ್ ಪಿಯೆರೊ, ಟ್ರೆಜೆಗೆ, ರಾಬರ್ಟ್ ಪೈರೆಸ್, ಅನೆಲ್ಕಾ. ಕ್ರೀಡಾಂಗಣಗಳು ತುಂಬಿದವು, ಹುಲ್ಲುಹಾಸು ಸುಧಾರಿಸಿತು, ಆಟಗಾರರ ಸಂಭಾವನೆ ಹಿಂದೆಂದೂ ಕಾಣದ ಮಟ್ಟಕ್ಕೇರಿತು. ಇವೆಲ್ಲ ನಿಜವಾದ ಲಾಭಗಳೇ. ಐಎಸ್‌ಎಲ್ ಬಂದಿದ್ದರಿಂದಲೇ ಫುಟ್‌ಬಾಲ್ ಹಾಳಾಯಿತು ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಆದರೆ ಒಂದು ಕೊರತೆ ಆಗಲೇ ಇತ್ತು. ಲೀಗ್ ನಡೆಸುವವರು, ಹಣ ಹಾಕುವವರು, ಫೆಡರೇಷನ್‌ಗೆ ಆದಾಯ ಕೊಡುವವರು ಎಲ್ಲವೂ ಒಂದೇ ಸಂಸ್ಥೆ. 2019ರಲ್ಲಿ ಐಎಸ್‌ಎಲ್‌ಗೆ ದೇಶದ ಅಗ್ರ ಲೀಗ್ ಸ್ಥಾನ ಸಿಕ್ಕಿತು, ಐ–ಲೀಗ್ ಎರಡನೇ ದರ್ಜೆಗಿಳಿಯಿತು. ಅದಕ್ಕೂ ಮೊದಲೇ, 2016ರಲ್ಲಿ, ಗೋವಾದ ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್‌ಗಳು ಐ–ಲೀಗ್‌ನಿಂದ ಹೊರನಡೆದಿದ್ದವು. ಐಎಸ್‌ಎಲ್‌ನ ಬಹುತೇಕ ಕ್ಲಬ್‌ಗಳು ಲಾಭದ ಮುಖ ನೋಡಲಿಲ್ಲ. ಮಾಲೀಕರ ಉತ್ಸಾಹ ಇರುವಷ್ಟು ದಿನ ತಂಡ, ಅದು ತಗ್ಗಿದರೆ ತಂಡವೂ ಇಲ್ಲ ಎಂಬಂತಾಯಿತು.

2023: ಕೈಗೆ ಬಂದ ತುತ್ತು

ಕುಸಿತದ ಆಳ ಅರಿಯಲು 2023ನ್ನು ನೆನೆಯಬೇಕು. ಆ ವರ್ಷ ಕೋಚ್ ಇಗೊರ್ ಸ್ಟಿಮ್ಯಾಚ್ ಅವರ ತಂಡ ಮೂರು ಟ್ರೋಫಿ ಗೆದ್ದಿತು. ಮಾರ್ಚ್‌ನಲ್ಲಿ ಇಂಫಾಲದ ತ್ರಿಕೋನ ಸರಣಿ. ಜೂನ್‌ನಲ್ಲಿ ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್, ಅದೂ ಲೆಬನಾನ್ ಎದುರು 2–0ರಿಂದ. ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕಿಕ್ಕಿರಿದ ಪ್ರೇಕ್ಷಕರ ಎದುರು ಕುವೈತ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಸ್ಯಾಫ್ ಚಾಂಪಿಯನ್‌ಷಿಪ್. ನವೆಂಬರ್‌ನಲ್ಲಿ ಕುವೈತ್ ನೆಲದಲ್ಲೇ 1–0 ಜಯ. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು ಮೊದಲ ಬಾರಿಗೆ ಕೈಗೆಟುಕುವಂತೆ ಕಂಡಿತ್ತು.

ನಂತರ ಬಂದದ್ದು 2024. ಆ ವರ್ಷ ಆಡಿದ 11 ಪಂದ್ಯಗಳಲ್ಲಿ ಭಾರತ ಒಂದನ್ನೂ ಗೆಲ್ಲಲಿಲ್ಲ. ಆರು ಸೋಲು, ಐದು ಡ್ರಾ. ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಎದುರು ಸೋತಿತು. ಮೂರು ಪಂದ್ಯಗಳಲ್ಲಿ ಒಂದೇ ಒಂದು ಗೋಲು ಕೂಡ ಹೊಡೆಯಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನ ಎದುರು 1–2ರ ಸೋಲು. ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ಎದುರು 1–2ರ ಸೋಲಿನೊಂದಿಗೆ ವಿಶ್ವಕಪ್ ದಾರಿ ಮುಚ್ಚಿತು. ಆ ಪಂದ್ಯದಲ್ಲಿ ಚೆಂಡು ಗೆರೆ ದಾಟಿದ್ದರೂ ಕತಾರ್‌ಗೆ ಗೋಲು ಕೊಟ್ಟಿದ್ದು ದೊಡ್ಡ ವಿವಾದವಾಯಿತು. ಅನ್ಯಾಯವಾಗಿದ್ದು ನಿಜ. ಆದರೆ ಅಫ್ಗಾನಿಸ್ತಾನವನ್ನು ತವರಿನಲ್ಲಿ ಮಣಿಸಿದ್ದರೆ ಭಾರತ ಆ ಒಂದು ಗೋಲಿನ ಹಂಗಿನಲ್ಲಿ ಇರುತ್ತಿರಲಿಲ್ಲ.

ಗೋಲು ಹೊಡೆಯುವವರು ಯಾರು?

ಸುನಿಲ್ ಚೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಆಟ ಕಲಿತದ್ದು ದೆಹಲಿಯಲ್ಲಿ, ಹೆಸರು ಬೆಸೆದುಕೊಂಡಿದ್ದು ಬೆಂಗಳೂರಿನ ಜತೆ. 2005ರಲ್ಲಿ ಪಾಕಿಸ್ತಾನದ ವಿರುದ್ಧ ಕ್ವೆಟ್ಟಾದಲ್ಲಿ ಪದಾರ್ಪಣೆ ಮಾಡಿದ ಅವರು ದೇಶಕ್ಕಾಗಿ 95 ಗೋಲು ಹೊಡೆದಿದ್ದಾರೆ. ಈಗಿನ ತಂಡದಲ್ಲಿ ಅದರ ಕಾಲುಭಾಗ ಗೋಲು ಹೊಡೆದವರೂ ಇಲ್ಲ.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಅವರು ವಿದಾಯ ಪಂದ್ಯ ಆಡಿದರು. ಗೋಲಿಲ್ಲದ ಡ್ರಾ. ಒಂಬತ್ತು ತಿಂಗಳ ನಂತರ, 40 ದಾಟಿದ್ದ ಚೆಟ್ರಿ ನಿವೃತ್ತಿ ಹಿಂಪಡೆದು ತಂಡಕ್ಕೆ ಮರಳಿದರು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು 3–0 ಜಯ ಸಿಕ್ಕಿತು, ಚೆಟ್ರಿಯೂ ಗೋಲು ಹೊಡೆದರು. 489 ದಿನಗಳ ನಂತರ ಭಾರತ ಕಂಡ ಮೊದಲ ಗೆಲುವು ಅದು. ಸಂಭ್ರಮದ ಜತೆಗೆ ಅದು ಒಂದು ಎಚ್ಚರಿಕೆಯೂ ಆಗಿತ್ತು. 140 ಕೋಟಿ ಜನರ ದೇಶ ಗೋಲಿಗಾಗಿ 40 ವರ್ಷದ ಆಟಗಾರನನ್ನು ವಾಪಸ್ ಕರೆಯಬೇಕಾಗಿ ಬಂದಿತ್ತು.

ಇದಕ್ಕೆ ಚೆಟ್ರಿ ಹೊಣೆಯಲ್ಲ. ಹೊಣೆ ಇರುವುದು ಲೀಗ್‌ನ ರಚನೆಯಲ್ಲಿ. 2014ರಿಂದ 2024–25ರವರೆಗಿನ 11 ಐಎಸ್‌ಎಲ್ ಋತುಗಳಲ್ಲಿ ಒಮ್ಮೆಯೂ ಭಾರತೀಯನೊಬ್ಬ ಅತಿ ಹೆಚ್ಚು ಗೋಲು ಹೊಡೆದವನಾಗಿಲ್ಲ. ಕ್ಲಬ್‌ಗಳು ಗೆಲುವಿಗಾಗಿ ಸ್ಟ್ರೈಕರ್ ಜಾಗವನ್ನು ವಿದೇಶಿಯರಿಗೆ ಕೊಡುತ್ತವೆ. ಆರಂಭದಲ್ಲಿ ಒಂದು ತಂಡದಲ್ಲಿ ಏಕಕಾಲಕ್ಕೆ ಆರು ವಿದೇಶಿಯರು ಮೈದಾನಕ್ಕಿಳಿಯಬಹುದಿತ್ತು. 2017–18ರಿಂದ ಐವರು, 2021–22ರಿಂದ ನಾಲ್ವರು. ಸಂಖ್ಯೆ ಇಳಿದರೂ ಆ ನಾಲ್ವರಲ್ಲಿ ಒಬ್ಬರು ಮುಂಚೂಣಿಯಲ್ಲೇ ಇರುತ್ತಾರೆ. ಭಾರತೀಯ ಯುವ ಸ್ಟ್ರೈಕರ್‌ಗೆ ಉಳಿಯುವುದು ಬೆಂಚು, ಇಲ್ಲವೇ ವಿಂಗ್. 2024–25ರಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಮತ್ತೆ ಚೆಟ್ರಿಯೇ. 14 ಗೋಲು!

ಬದಲಾದದ್ದು ಕೋಚ್ ಮಾತ್ರ

ಕತಾರ್ ಸೋಲಿನ ಬೆನ್ನಲ್ಲೇ ಸ್ಟಿಮ್ಯಾಚ್ ಅವರನ್ನು ವಜಾ ಮಾಡಲಾಯಿತು. 2024ರ ಜುಲೈನಲ್ಲಿ ಸ್ಪೇನ್‌ನ ಮನೋಲೊ ಮಾರ್ಕೆಜ್ ಬಂದರು. ಅವರು ಏಕಕಾಲಕ್ಕೆ ಎಫ್‌ಸಿ ಗೋವಾದ ಕೋಚ್ ಕೂಡ ಆಗಿದ್ದರು. 2025ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಎದುರು ಕೊನೆಯ ಕ್ಷಣದ ಪೆನಾಲ್ಟಿಯಿಂದ 0–1ರ ಸೋಲಾಯಿತು. ಮಾರ್ಕೆಜ್ ಹೊರನಡೆದರು. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ನೇಮಕವಾದರು. 2017ರಲ್ಲಿ ಮಿಜೋರಾಂನ ಐಜ್ವಾಲ್ ಎಫ್‌ಸಿಯಂಥ ಸಣ್ಣ ಕ್ಲಬ್‌ಗೆ ಐ–ಲೀಗ್ ಗೆದ್ದುಕೊಟ್ಟವರು ಅವರು. ಸುಮಾರು 13 ವರ್ಷಗಳ ನಂತರ ಭಾರತೀಯನೊಬ್ಬ ರಾಷ್ಟ್ರೀಯ ತಂಡದ ಪೂರ್ಣಾವಧಿ ಕೋಚ್ ಆದರು.

ಆರಂಭ ಚೆನ್ನಾಗಿತ್ತು. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನವನ್ನು 2–1ರಿಂದ ಸೋಲಿಸಿ, ಒಮಾನ್ ತಂಡವನ್ನು ಶೂಟೌಟ್‌ನಲ್ಲಿ ಮಣಿಸಿ ಭಾರತ ಮೂರನೇ ಸ್ಥಾನ ಪಡೆಯಿತು. ಆದರೆ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರ ಎದುರು ಮುನ್ನಡೆ ಪಡೆದೂ 1–2ರಿಂದ ಸೋತು 2027ರ ಏಷ್ಯನ್ ಕಪ್ ಅವಕಾಶ ಕಳೆದುಕೊಂಡಿತು. ಢಾಕಾ ಸೋಲು ಸೇರಿ ಗುಂಪಿನ ಮೊದಲ ಐದು ಪಂದ್ಯಗಳಲ್ಲಿ ಭಾರತಕ್ಕೆ ದಕ್ಕಿದ್ದು ಎರಡೇ ಅಂಕ. ಗೆಲುವು ಸೊನ್ನೆ. 24 ತಂಡಗಳು ಆಡುವ ಟೂರ್ನಿಗೆ ಏಷ್ಯಾದ ಅತಿ ದೊಡ್ಡ ದೇಶ ಅರ್ಹತೆ ಗಳಿಸಲಿಲ್ಲ. ಸುಮಾರು 60 ಲಕ್ಷ ಜನರಿರುವ ಸಿಂಗಪುರ ಗಳಿಸಿತು.

ಒಂದೂವರೆ ವರ್ಷದಲ್ಲಿ ಮೂವರು ಕೋಚ್, ಮೂರು ಬಗೆಯ ಆಟ. ಆದರೆ ಮೂವರಿಗೂ ಸಿಕ್ಕಿದ್ದು ಅದೇ ಆಟಗಾರರು, ಅದೇ ಲೀಗ್. ಜಮೀಲ್ ಅವರ ಕಾಲಕ್ಕಂತೂ ಲೀಗೇ ನಿಂತುಹೋಗಿತ್ತು. ಕ್ಲಬ್ ಪಂದ್ಯಗಳಿಲ್ಲದೆ ಕೂತಿದ್ದ ಆಟಗಾರರನ್ನು ಶಿಬಿರಕ್ಕೆ ಕರೆಸಿ ಅರ್ಹತಾ ಪಂದ್ಯಗಳಿಗೆ ಸಜ್ಜುಗೊಳಿಸಬೇಕಾಗಿ ಬಂತು.

ಲೀಗ್ ನಿಂತಿದ್ದೇಕೆ?

ಇದನ್ನು ಅರಿಯಲು ನ್ಯಾಯಾಲಯದ ಕಡೆಗೂ ನೋಡಬೇಕು. ಎಐಎಫ್‌ಎಫ್ ಚುನಾವಣೆ ಮತ್ತು ಸಂವಿಧಾನದ ವಿವಾದ 2017ರಿಂದಲೂ ಸುಪ್ರೀಂ ಕೋರ್ಟ್‌ನಲ್ಲಿತ್ತು. 2022ರ ಮೇನಲ್ಲಿ ಕೋರ್ಟ್ ಆಡಳಿತಾಧಿಕಾರಿಗಳ ಸಮಿತಿ ನೇಮಿಸಿತು. ಹೊರಗಿನವರ ಹಸ್ತಕ್ಷೇಪ ಎಂಬ ಕಾರಣಕ್ಕೆ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನೇ ಅಮಾನತು ಮಾಡಿತು. ಹನ್ನೊಂದು ದಿನಗಳಲ್ಲಿ ಅಮಾನತು ತೆರವಾಯಿತು. ಸೆಪ್ಟೆಂಬರ್ 2ರಂದು ನಡೆದ ಚುನಾವಣೆಯಲ್ಲಿ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ ಅವರು ಬೈಚುಂಗ್ ಭುಟಿಯಾ ಅವರನ್ನು 33–1 ಮತಗಳಿಂದ ಸೋಲಿಸಿ ಅಧ್ಯಕ್ಷರಾದರು. ಸಂವಿಧಾನದ ಪ್ರಶ್ನೆ ಮಾತ್ರ ಬಾಕಿ ಉಳಿಯಿತು.

ಆನಂತರದ ಘಟನೆಗಳು ಹೀಗಿವೆ:

- 2025 ಏಪ್ರಿಲ್: ಸಂವಿಧಾನದ ತೀರ್ಪು ಬರುವವರೆಗೆ ಹೊಸ ಒಪ್ಪಂದ ಅಂತಿಮಗೊಳಿಸದಂತೆ ಎಐಎಫ್‌ಎಫ್‌ಗೆ ಸುಪ್ರೀಂ ಕೋರ್ಟ್ ಸೂಚನೆ.
- ಜುಲೈ 11: ಡಿಸೆಂಬರ್ 8ರ ಆಚೆಗೆ ಒಪ್ಪಂದ ಇಲ್ಲದ ಕಾರಣ 2025–26ರ ಐಎಸ್‌ಎಲ್ ತಡೆಹಿಡಿಯುವುದಾಗಿ ಕ್ಲಬ್‌ಗಳಿಗೆ ಎಫ್‌ಎಸ್‌ಡಿಎಲ್ ಪತ್ರ.
- ಆಗಸ್ಟ್: ಹಲವು ಕ್ಲಬ್‌ಗಳಿಂದ ಚಟುವಟಿಕೆ ಸ್ಥಗಿತ. ಮೊದಲ ತಂಡದ ಆಟಗಾರರು, ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯುವುದಾಗಿ ಬೆಂಗಳೂರು ಎಫ್‌ಸಿ ಪ್ರಕಟಣೆ. ಅಕ್ಟೋಬರ್ 30ರೊಳಗೆ ಸಂವಿಧಾನ ಅಂಗೀಕರಿಸುವಂತೆ ಫಿಫಾ, ಎಎಫ್‌ಸಿ ಗಡುವು.
- ಸೆಪ್ಟೆಂಬರ್ 19: ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಿದ್ಧಪಡಿಸಿದ ಕರಡು ಸಂವಿಧಾನಕ್ಕೆ ಕೆಲವು ಮಾರ್ಪಾಡುಗಳೊಂದಿಗೆ ಸುಪ್ರೀಂ ಕೋರ್ಟ್ ಒಪ್ಪಿಗೆ.
- ಅಕ್ಟೋಬರ್: ಹೊಸ ಸಂವಿಧಾನ ಅಂಗೀಕಾರ. ವಾಣಿಜ್ಯ ಹಕ್ಕುಗಳಿಗೆ 15 ವರ್ಷದ ಟೆಂಡರ್. ವರ್ಷಕ್ಕೆ ಕನಿಷ್ಠ ₹37.5 ಕೋಟಿ ಅಥವಾ ಒಟ್ಟು ಆದಾಯದ ಶೇ 5, ಯಾವುದು ಹೆಚ್ಚೋ ಅದು.
- ನವೆಂಬರ್ 7: ಗಡುವು ಅಂತ್ಯ, ಬಿಡ್ ಇಲ್ಲ.
- ಡಿಸೆಂಬರ್ 8: 15 ವರ್ಷದ ಒಪ್ಪಂದ ಅಂತ್ಯ.
- 2026 ಜನವರಿ 6: ಫೆಬ್ರುವರಿ 14ರಿಂದ 14 ತಂಡಗಳೊಂದಿಗೆ 91 ಪಂದ್ಯಗಳ ಲೀಗ್ ನಡೆಯಲಿದೆ ಎಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಘೋಷಣೆ.

ಪಟ್ಟಿಯಲ್ಲಿ ಎದ್ದು ಕಾಣುವ ಸಂಗತಿ ಒಂದಿದೆ. ಡಿಸೆಂಬರ್ 8 ಎಂಬುದು ಹಠಾತ್ತನೆ ಬಂದ ದಿನವಲ್ಲ. 2010ರಲ್ಲಿ ಸಹಿ ಬಿದ್ದಾಗಲೇ ಅದು ನಿಗದಿಯಾಗಿತ್ತು. ನ್ಯಾಯಾಲಯದ ಸೂಚನೆ ಬಂದದ್ದು ಒಪ್ಪಂದಕ್ಕೆ ಎಂಟು ತಿಂಗಳು ಉಳಿದಿದ್ದಾಗ. ಅದಕ್ಕೂ ಹಿಂದಿನ ವರ್ಷಗಳು ಫೆಡರೇಷನ್ ಕೈಯಲ್ಲೇ ಇದ್ದವು. 2023ರ ಜನವರಿಯಲ್ಲಿ ಎಐಎಫ್‌ಎಫ್ 'ವಿಷನ್ 2047' ಎಂಬ ನೀಲನಕ್ಷೆ ಬಿಡುಗಡೆ ಮಾಡಿ, ಸ್ವಾತಂತ್ರ್ಯದ ಶತಮಾನೋತ್ಸವದ ಹೊತ್ತಿಗೆ ಏಷ್ಯಾದ ಅಗ್ರ ನಾಲ್ಕು ತಂಡಗಳಲ್ಲೊಂದಾಗುವ ಗುರಿ ಹಾಕಿಕೊಂಡಿತು. 24 ವರ್ಷಗಳಾಚೆಯ ಗುರಿಗೆ ಯೋಜನೆ ಇತ್ತು, ಮೂರು ವರ್ಷದೊಳಗೆ ಮುಗಿಯಲಿದ್ದ ಒಪ್ಪಂದಕ್ಕೆ ಪರ್ಯಾಯ ಇರಲಿಲ್ಲ.

ಪುಣೆಯಿಂದ ಹೈದರಾಬಾದ್, ಅಲ್ಲಿಂದ ದೆಹಲಿ

ಕ್ಲಬ್ ಎಂದರೆ ಊರಿನ ಹೆಮ್ಮೆ ಎನ್ನುವುದು ಫುಟ್‌ಬಾಲ್‌ನ ಮೂಲ ಪಾಠ. ಅದು ಇಲ್ಲಿ ಎಷ್ಟು ಬೇರೂರಿದೆ ಎಂಬುದಕ್ಕೆ ಒಂದೇ ತಂಡದ ಪಯಣ ಸಾಕು. ಎಫ್‌ಸಿ ಪುಣೆ ಸಿಟಿ ಐಎಸ್‌ಎಲ್‌ನ ಮೊದಲ ಎಂಟು ತಂಡಗಳಲ್ಲೊಂದು. 2019ರಲ್ಲಿ ಅದು ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಹೈದರಾಬಾದ್ 2021–22ರಲ್ಲಿ ಚಾಂಪಿಯನ್ ಆಯಿತು. ರಹೀಮ್ ಅವರ ಊರಿಗೆ ಮತ್ತೆ ಫುಟ್‌ಬಾಲ್ ಮರಳಿತು ಎಂದುಕೊಳ್ಳುವಷ್ಟರಲ್ಲಿ ಹಣದ ಮುಗ್ಗಟ್ಟು ಎದುರಾಯಿತು. ಮಾಲೀಕತ್ವ ಕೈಬದಲಾಯಿತು. 2025ರ ಅಕ್ಟೋಬರ್‌ನಲ್ಲಿ ಅದೇ ತಂಡ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರಿನಲ್ಲಿ ರಾಜಧಾನಿಗೆ ಸ್ಥಳಾಂತರವಾಯಿತು. ದೆಹಲಿಯ ಹಳೆಯ ತಂಡ ಡೆಲ್ಲಿ ಡೈನಮೋಸ್ 2019ರಲ್ಲೇ ಒಡಿಶಾಕ್ಕೆ ಹೋಗಿತ್ತು. ಆರು ವರ್ಷ ಪ್ರತಿ ವಾರ ಜೆರ್ಸಿ ತೊಟ್ಟು ಕ್ರೀಡಾಂಗಣಕ್ಕೆ ಹೋದ ಅಭಿಮಾನಿಗೆ ತನ್ನ ಊರಿನ ತಂಡವೇ ಇಲ್ಲವೆಂದರೆ, ಅವನು ಮುಂದೆ ಟಿಕೆಟ್ ಕೊಳ್ಳುವುದು ಯಾವ ನಂಬಿಕೆಯ ಮೇಲೆ?

ಮುಂಬೈನ ಕಥೆ ಇನ್ನೊಂದು ಬಗೆ. ಮ್ಯಾಂಚೆಸ್ಟರ್ ಸಿಟಿಯ ಮಾತೃಸಂಸ್ಥೆ ಸಿಟಿ ಫುಟ್‌ಬಾಲ್ ಗ್ರೂಪ್ 2019ರಲ್ಲಿ ಮುಂಬೈ ಸಿಟಿ ಎಫ್‌ಸಿಯ ಬಹುಪಾಲು ಖರೀದಿಸಿದಾಗ ಜಗತ್ತು ಭಾರತದ ಕಡೆ ನೋಡುತ್ತಿದೆ ಎಂಬ ಭಾವನೆ ಮೂಡಿತ್ತು. ಅವರ ಕಾಲದಲ್ಲಿ ಮುಂಬೈ ಎರಡು ಬಾರಿ ಕಪ್ ಗೆದ್ದಿತು. ಲೀಗ್‌ನ ಭವಿಷ್ಯ ಅನಿಶ್ಚಿತವಾದ ಹೊತ್ತಿನಲ್ಲಿ, 2025ರ ಡಿಸೆಂಬರ್‌ನಲ್ಲಿ ಆ ಸಂಸ್ಥೆ ತನ್ನ ಪಾಲು ಬಿಟ್ಟು ಹೊರನಡೆಯಿತು. ಎರಡು ಬಾರಿಯ ಚಾಂಪಿಯನ್ ಚೆನ್ನೈಯಿನ್ ಎಫ್‌ಸಿಯೂ ಆಗಸ್ಟ್‌ನಲ್ಲಿ ಚಟುವಟಿಕೆ ನಿಲ್ಲಿಸಿದ ಕ್ಲಬ್‌ಗಳ ಸಾಲಿನಲ್ಲಿತ್ತು.

ಬೆಂಗಳೂರು ಕಲಿಸುವುದೇನು?

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಐ–ಲೀಗ್ ತಂಡವಾಗಿ. ಮೊದಲ ವರ್ಷವೇ ಚಾಂಪಿಯನ್. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2018–19ರಲ್ಲಿ ಐಎಸ್‌ಎಲ್ ಗೆದ್ದಿತು. ಕಂಠೀರವದ ಪಶ್ಚಿಮ ಬ್ಲಾಕ್‌ನಲ್ಲಿ ಹಾಡುತ್ತಾ ಕುಣಿಯುವ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿ ಬಳಗ ಕೋಲ್ಕತ್ತ, ಕೊಚ್ಚಿಯವರಿಗೂ ಸವಾಲೆಸೆದಿತು. ಶಿಸ್ತಿನ ಕ್ಲಬ್ ಎಂದು ಹೆಸರಾದ ತಂಡವೇ ವೇತನ ತಡೆಹಿಡಿಯಬೇಕಾಯಿತೆಂದರೆ ತೊಂದರೆ ಕ್ಲಬ್‌ನದ್ದಲ್ಲ, ಕ್ಲಬ್ ನಿಂತ ನೆಲದ್ದು.

ಕರ್ನಾಟಕದಲ್ಲಿ ಆಟದ ಬೇರು ಇನ್ನೂ ಒಣಗಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ಸಿಕ್ಕ ಕಪ್ ಅದು. ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಅದರ ಸುತ್ತ ಚೆಂಡು ಒದೆಯುವ ಮಕ್ಕಳೂ ಇದ್ದಾರೆ. ಕೊರತೆ ಇರುವುದು ಆ ಗಲ್ಲಿಯಿಂದ ರಾಷ್ಟ್ರೀಯ ತಂಡದವರೆಗಿನ ಮೆಟ್ಟಿಲುಗಳಲ್ಲಿ.

ಬೇರೆಯವರು ಮಾಡಿದ್ದೇನು?

ಬಾಂಗ್ಲಾದೇಶ ಇಂಗ್ಲೆಂಡಿನಲ್ಲಿ ಹುಟ್ಟಿ ಲೆಸ್ಟರ್ ಸಿಟಿಗೆ ಆಡಿದ ಹಮ್ಜಾ ಚೌಧುರಿಯನ್ನು ತಂಡಕ್ಕೆ ಸೇರಿಸಿಕೊಂಡಿತು. ಅವರು ಪದಾರ್ಪಣೆ ಮಾಡಿದ್ದು ಭಾರತದ ವಿರುದ್ಧವೇ. ಭಾರತದಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲ. ಭಾರತೀಯ ಮೂಲದ ಆಟಗಾರ ಇಲ್ಲಿನ ಪಾಸ್‌ಪೋರ್ಟ್ ಪಡೆದರಷ್ಟೇ ಆಡಬಹುದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ತೊರೆದು 2025ರಲ್ಲಿ ಭಾರತೀಯರಾದರು. ಅವರ ತಾಯಿಯ ಕುಟುಂಬ ಮುಂಬೈನ ಆಂಗ್ಲೋ–ಇಂಡಿಯನ್ ಮನೆತನ. ಇಂಥವರು ಬಂದರೆ ತಂಡಕ್ಕೆ ಬಲ ಬರುವುದು ನಿಜ. ಆದರೆ ಅದು ಅಡ್ಡದಾರಿಯೇ ಹೊರತು ಹೆದ್ದಾರಿಯಲ್ಲ.

ಹೆದ್ದಾರಿ ಹಿಡಿದವರು ಉಜ್ಬೇಕಿಸ್ತಾನ ಮತ್ತು ಜೋರ್ಡಾನ್. 48 ತಂಡಗಳ 2026ರ ವಿಶ್ವಕಪ್‌ಗೆ ಎರಡೂ ಮೊದಲ ಬಾರಿ ಅರ್ಹತೆ ಪಡೆದವು. ಉಜ್ಬೇಕಿಸ್ತಾನ ವರ್ಷಗಳ ಕಾಲ ಕಿರಿಯರ ತಂಡಗಳ ಮೇಲೆ ಹೂಡಿಕೆ ಮಾಡಿತು. ಸುಮಾರು ಒಂದೂವರೆ ಲಕ್ಷ ಜನಸಂಖ್ಯೆಯ ಕುರಸಾವೊ ದ್ವೀಪವೂ ಆ ವಿಶ್ವಕಪ್‌ನಲ್ಲಿ ಸ್ಥಾನ ಗಳಿಸಿತು. ಜನಸಂಖ್ಯೆ ದೊಡ್ಡದಿದ್ದರೆ ಆಟಗಾರರು ತಾವಾಗಿಯೇ ಹುಟ್ಟುತ್ತಾರೆ ಎಂಬ ಮಾತು ಇಲ್ಲಿಗೆ ಮುಗಿಯಿತು.

ಯಾರಿಗೆ ನಷ್ಟ? ಮುಂದೇನು?

ರ‍್ಯಾಂಕಿಂಗ್ ಇಳಿದರೆ ಅಭಿಮಾನಿಗೆ ಬೇಸರ. ಲೀಗ್ ನಿಂತರೆ ಮನೆಯ ಒಲೆಗೇ ಏಟು. ಫುಟ್‌ಬಾಲ್ ಆಟಗಾರನ ವೃತ್ತಿಜೀವನ ಹೆಚ್ಚೆಂದರೆ ಹತ್ತು–ಹದಿನೈದು ವರ್ಷ. ಅದರಲ್ಲಿ ಅರ್ಧ ಋತು ಕಳೆದುಹೋದರೆ ಮರಳಿ ಸಿಗುವುದಿಲ್ಲ. ತಾರೆಯರು ಹೇಗೋ ನಿಭಾಯಿಸುತ್ತಾರೆ. ಇಪ್ಪತ್ತರ ಹರೆಯದಲ್ಲಿ ಮೊದಲ ಒಪ್ಪಂದಕ್ಕೆ ಕಾದವನು, ಫಿಸಿಯೊ, ಕಿಟ್ ನೋಡಿಕೊಳ್ಳುವವನು, ಮೈದಾನದ ಮಾಲಿ, ಅಕಾಡೆಮಿಯ ಕೋಚ್ ಇವರಿಗೆ ಬೇರೆ ಆಸರೆಯಿಲ್ಲ. 2026ರ ಜನವರಿ ಮೊದಲ ವಾರ ಚೆಟ್ರಿ, ಗುರುಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್ ಸೇರಿದಂತೆ ಆಟಗಾರರು ವಿಡಿಯೊ ಮೂಲಕ ಫಿಫಾಗೇ ಮೊರೆಯಿಟ್ಟಿದ್ದು ಈ ಆತಂಕದಿಂದ.

ಆಶಾದಾಯಕ ಸಂಗತಿಗಳೂ ಇವೆ. 2025ರ ಜುಲೈನಲ್ಲಿ ಮಹಿಳಾ ತಂಡ ಥಾಯ್ಲೆಂಡ್‌ನಲ್ಲಿ ಆತಿಥೇಯರನ್ನೇ 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ನವೆಂಬರ್‌ನಲ್ಲಿ 17 ವರ್ಷದೊಳಗಿನ ಬಾಲಕರು ಅಹಮದಾಬಾದಿನಲ್ಲಿ ಇರಾನ್ ಎದುರು 2–1ರಿಂದ ಗೆದ್ದು ತಮ್ಮ ವಯೋಮಾನದ ಏಷ್ಯನ್ ಕಪ್‌ಗೆ ಹೊರಟರು. ಆದರೆ 2017ರ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆದಾಗಲೂ ಇಂಥದ್ದೇ ಭರವಸೆ ಮೂಡಿತ್ತು. ಆ ಹುಡುಗರು 17ರಿಂದ 21ರ ನಡುವೆ ಸಾಕಷ್ಟು ಪಂದ್ಯ ಆಡಲು ಸಿಗದಿದ್ದರೆ ಇರಾನ್ ವಿರುದ್ಧದ ಗೆಲುವೂ ಹಳೆಯ ವಿಡಿಯೊ ಆಗಿ ಉಳಿಯುತ್ತದೆ.

ಕಡಿತಗೊಂಡ ಲೀಗ್ ನಡೆಯುವುದು ತುರ್ತು ಚಿಕಿತ್ಸೆ ಅಷ್ಟೇ. ಆಗಬೇಕಾದ ಕೆಲಸಗಳ ಪಟ್ಟಿ ಉದ್ದವಿಲ್ಲ. ಪ್ರತಿವರ್ಷ ಒಂದೇ ಹೊತ್ತಿಗೆ ಶುರುವಾಗಿ ಒಂಬತ್ತು ತಿಂಗಳು ನಡೆಯುವ ಲೀಗ್. ಲೀಗ್ ನಡೆಸುವುದರಲ್ಲಿ ಕ್ಲಬ್‌ಗಳಿಗೂ ಪಾಲು ಮತ್ತು ಹೊಣೆ. ಒಬ್ಬನೇ ಹೂಡಿಕೆದಾರನನ್ನು ನಂಬದ ಆದಾಯದ ದಾರಿಗಳು. ಯುವ ಭಾರತೀಯ ಸ್ಟ್ರೈಕರ್‌ಗೆ ಕಡ್ಡಾಯವಾಗಿ ಆಡಲು ಸಿಗುವ ನಿಮಿಷಗಳು. ಇವು ಯಾವುವೂ ಹೊಸ ಮಾತಲ್ಲ, ಆಡಳಿತದಲ್ಲಿದ್ದವರಿಗೆ ಗೊತ್ತಿಲ್ಲದ್ದೂ ಅಲ್ಲ.

ಮುಂದಿನ ಸೋಲಿನ ನಂತರ ಮತ್ತೊಬ್ಬ ಕೋಚ್ ತಲೆದಂಡವಾಗಬಹುದು. ಅದಕ್ಕೆ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಮುಂದಿನ ಋತುವಿನ ಮೊದಲ ಪಂದ್ಯ ಯಾವ ದಿನ? ಫೆಡರೇಷನ್ ಬಳಿ ಅದಕ್ಕೆ ಖಚಿತ ಉತ್ತರ ಇರುವ ದಿನ ಭಾರತೀಯ ಫುಟ್‌ಬಾಲ್ ಮೇಲೇಳಲು ಶುರುವಾಗಿದೆ ಎನ್ನಬಹುದು.